ಯಂತ್ರ ಹಿಂದಿರುಗಿಸಿದ ಅಸಲಿ ನಾಣ್ಯ

ಮಂಗಳೂರಿನ ಹಂಪನಕಟ್ಟೆಯ ಸಿಗ್ನಲ್ ದಾಟಿ ಸ್ಟೇಟ್‌ಬ್ಯಾಂಕಿನ ಕಡೆಗೆ ಇಳಿಯುವ ಸಿಟಿ ಬಸ್ಸಿನಲ್ಲಿ ಕಂಡಕ್ಟರು ನಾಣ್ಯವನ್ನು ಕಣ್ಣಿಟ್ಟು ನೋಡುವುದು ಅಪರೂಪ. ಒಂದು ಕೈ ಮೇಲಿನ ಸರಳಿನಲ್ಲಿ, ಕಂಕುಳಲ್ಲಿ ಚೀಲ, ಬಾಯಲ್ಲಿ ‘ಚಿಲ್ಲರೆ ಉಂಡಾ?’ ಎಂಬ ಪ್ರಶ್ನೆ. ಅಂಗೈಗೆ ಬಿದ್ದದ್ದು ಎರಡರದ್ದೋ ಐದರದ್ದೋ ಎಂಬುದು ಹೆಬ್ಬೆರಳು ಅಂಚನ್ನು ಸವರುವಷ್ಟರಲ್ಲಿ ಗೊತ್ತಾಗಿರುತ್ತದೆ. ತೂಕ, ದಪ್ಪ, ಅಂಚಿನ ಗೀರು, ಚೀಲದೊಳಗೆ ಬಿದ್ದಾಗಿನ ಸದ್ದು, ಎಲ್ಲವೂ ಒಂದೇ ಗಳಿಗೆಯಲ್ಲಿ ಪರೀಕ್ಷೆಯಾಗಿ ಮುಗಿಯುತ್ತವೆ. ಅಷ್ಟಾಗಿಯೂ ಅನುಮಾನ ಉಳಿದರೆ ‘ಅಣ್ಣಾ, ಇದು ಬೇಡ, ಬೇರೆ ಕೊಡಿ’ ಎಂದು ಕೇಳುವ ಬಾಯಿ ಅವರಿಗಿದೆ. ಉತ್ತರ ಹೇಳುವ ಬಾಯಿ ಪ್ರಯಾಣಿಕನಿಗೂ ಇದೆ.

ನಾಣ್ಯ ನುಂಗಿ ನೀರನ್ನೋ ಚಹಾವನ್ನೋ ಸ್ಯಾನಿಟರಿ ಪ್ಯಾಡನ್ನೋ ಕೊಡುವ ಯಂತ್ರಕ್ಕೆ ಈ ಸೌಕರ್ಯ ಇಲ್ಲ. ನಾಣ್ಯ ಬಾಯಿಂದ ಹೊಟ್ಟೆಗೆ ಜಾರುವ ಅರೆ ಸೆಕೆಂಡಿನಲ್ಲಿ ಅದು ಹೌದು ಅಥವಾ ಇಲ್ಲ ಎನ್ನಲೇಬೇಕು, ಕಾರಣ ಹೇಳುವಂತಿಲ್ಲ. ಆ ತೀರ್ಮಾನ ಎರಡು ಬಗೆಯಲ್ಲಿ ತಪ್ಪಬಹುದು. ನಕಲಿಯನ್ನು ಅಸಲಿ ಎಂದು ನುಂಗಬಹುದು, ಅಸಲಿಯನ್ನು ನಕಲಿ ಎಂದು ಉಗುಳಬಹುದು. ಮೊದಲನೆಯದು ನಡೆದರೆ ಸಂಜೆ ಡಬ್ಬಿ ತೆರೆದ ಮಾಲೀಕನಿಗೆ ತಿಳಿಯುತ್ತದೆ. ಅವನು ದೂರುತ್ತಾನೆ, ಯಂತ್ರ ತಯಾರಿಸಿದವರು ಬಂದು ಬಿಗಿ ಮಾಡುತ್ತಾರೆ. ಎರಡನೆಯದು ನಡೆದರೆ ಯಾವ ಡಬ್ಬಿಯಲ್ಲೂ ಗುರುತು ಉಳಿಯುವುದಿಲ್ಲ. ಖಾಲಿ ಕ್ಯಾನ್ ಹಿಡಿದು ಬಂದವರು ಖಾಲಿ ಕ್ಯಾನ್ ಹಿಡಿದೇ ಹೋಗಿರುತ್ತಾರೆ. ಖೋಟಾ ನಾಣ್ಯ ಪತ್ತೆಯ ಮಾತು ಬಂದಾಗಲೆಲ್ಲ ನಮ್ಮ ಗಮನವೆಲ್ಲ ಮೊದಲ ತಪ್ಪಿನ ಮೇಲೆ. ನನಗೆ ದೊಡ್ಡದಾಗಿ ಕಾಣುವುದು ಎರಡನೆಯದು.

ನಮಗೆ ತಿಳಿದಿರುವ ಅತಿ ಹಳೆಯ ನಾಣ್ಯದ ಯಂತ್ರ ಕೊಡುತ್ತಿದ್ದದ್ದೂ ನೀರನ್ನೇ. ಕ್ರಿಸ್ತಶಕ ಮೊದಲ ಶತಮಾನದಲ್ಲಿ ಅಲೆಕ್ಸಾಂಡ್ರಿಯಾದ ಹೀರೋ ಎಂಬ ಯಂತ್ರಜ್ಞ ದೇವಾಲಯದ ತೀರ್ಥ ಕೊಡುವ ಪಾತ್ರೆಯೊಂದನ್ನು ವಿವರಿಸಿದ್ದಾನೆ. ಮೇಲಿನ ಸೀಳಿನಲ್ಲಿ ಹಾಕಿದ ಐದು ದ್ರಾಕ್ಮಾ ನಾಣ್ಯ ಸನ್ನೆಕೋಲಿನ ತುದಿಯ ತಟ್ಟೆಗೆ ಬೀಳುತ್ತದೆ, ಭಾರಕ್ಕೆ ತಟ್ಟೆ ಬಾಗುತ್ತದೆ, ಇನ್ನೊಂದು ತುದಿ ಎದ್ದು ಬಿರಡೆ ತೆರೆಯುತ್ತದೆ. ತಟ್ಟೆ ವಾಲಿ ನಾಣ್ಯ ಕೆಳಗೆ ಜಾರಿದೊಡನೆ ನೀರು ನಿಲ್ಲುತ್ತದೆ. ಚೆಂದದ ಕೆಲಸ. ಆದರೆ ಅಷ್ಟೇ ತೂಕದ ತಗಡಿನ ಚೂರಿಗೂ ಆ ಪಾತ್ರೆ ಅಷ್ಟೇ ತೀರ್ಥ ಕೊಡುತ್ತಿತ್ತು. ಭಾರವೊಂದೇ ಅದಕ್ಕೆ ಗೊತ್ತಿದ್ದ ಗುಣ.

ಹತ್ತೊಂಬತ್ತನೇ ಶತಮಾನದ ಕೊನೆಯಲ್ಲಿ ಯುರೋಪಿನ ರೈಲು ನಿಲ್ದಾಣಗಳಲ್ಲಿ ಅಂಚೆ ಕಾರ್ಡು, ಚಾಕೊಲೇಟು ಮಾರುವ ಯಂತ್ರಗಳು ನಿಂತವು. ಬಳಿಕ ತೂಕ ನೋಡುವ ಯಂತ್ರ ನಮ್ಮ ದೇಶಕ್ಕೂ ಬಂತು. ರೈಲು ನಿಲ್ದಾಣದಲ್ಲಿ ಬಣ್ಣದ ದೀಪ ಮಿನುಗಿಸುತ್ತ, ಚಕ್ರ ತಿರುಗಿಸುತ್ತ ನಿಂತು, ಒಂದು ರೂಪಾಯಿಗೆ ತೂಕವನ್ನೂ ಭವಿಷ್ಯವನ್ನೂ ಅಚ್ಚು ಹಾಕಿದ ದಪ್ಪ ಚೀಟಿ ಉದುರಿಸುತ್ತಿದ್ದ ಆ ಯಂತ್ರವನ್ನು ನೆನಪಿಸಿಕೊಳ್ಳದ ತಲೆಮಾರು ಇನ್ನೂ ಬಂದಿಲ್ಲ. ಅದರ ನಂತರ ಅಂಗಡಿ ಮುಂಗಟ್ಟಿನಲ್ಲಿ ಒಂದು ರೂಪಾಯಿಯ ಕಾಯಿನ್ ಬಾಕ್ಸ್ ಫೋನು. ಇವುಗಳ ಜೊತೆಜೊತೆಗೇ ಬಂದವು ಅವುಗಳಿಗೆ ಮೋಸ ಮಾಡುವ ಉಪಾಯಗಳು. ಹಾರ್ಡ್‌ವೇರ್ ಅಂಗಡಿಯ ವಾಷರು, ಚಪ್ಪಟೆ ಬಡಿದ ತಗಡು, ರಂಧ್ರ ಕೊರೆದು ದಾರ ಕಟ್ಟಿ ಕೆಲಸವಾದ ಮೇಲೆ ಮೇಲೆಳೆದುಕೊಳ್ಳುವ ನಾಣ್ಯ. ದಾರದ ಉಪಾಯಕ್ಕೆ ಯಂತ್ರದವರು ಕಂಡುಕೊಂಡ ಮದ್ದು ಸರಳ. ನಾಣ್ಯದ ದಾರಿಯಲ್ಲಿ ಒಂದೇ ಕಡೆಗೆ ತೆರೆಯುವ ಪುಟ್ಟ ಕದ ಇಟ್ಟರು. ಇಳಿದದ್ದು ಮತ್ತೆ ಹತ್ತದು.

ತಗಡು, ವಾಷರುಗಳನ್ನು ಹಿಡಿಯಲು ಹಳೆಯ ಯಂತ್ರಗಳಲ್ಲಿ ಸಾಲುಸಾಲು ಬಲೆಗಳಿದ್ದವು. ಸೀಳಿನ ಅಗಲವೇ ಮೊದಲ ತಡೆ. ಒಳಗೆ ತೊಟ್ಟಿಲಿನಂಥ ತೂಗುಹಿಡಿಕೆ. ಹಗುರವಾದರೆ ಅದು ವಾಲದು, ಚಿಕ್ಕದಾದರೆ ನಾಣ್ಯ ನಡುವೆಯೇ ಜಾರಿ ಹೊರಬೀಳುವುದು. ಆಮೇಲೆ ಒಂದು ಕಾಂತ. ಕಬ್ಬಿಣದ ಚೂರು ಕಾಂತಕ್ಕೆ ಅಂಟಿಕೊಂಡು ಅಲ್ಲಿಯೇ ಸಿಕ್ಕಿಬೀಳುತ್ತಿತ್ತು. ತಾಮ್ರ, ಬೆಳ್ಳಿಯಂಥ ಲೋಹಗಳು ಕಾಂತಕ್ಕೆ ಅಂಟುವುದಿಲ್ಲ. ಆದರೂ ಅವು ಅದರ ಮುಂದೆ ಉರುಳಿದಾಗ ಒಳಗೆ ಸುಳಿ ವಿದ್ಯುತ್ ಹುಟ್ಟಿ, ಅದು ಕಾಂತವನ್ನು ವಿರೋಧಿಸಿ, ಓಟ ನಿಧಾನವಾಗುತ್ತದೆ. ವಿದ್ಯುತ್ತನ್ನು ಚೆನ್ನಾಗಿ ಹರಿಸುವ ಲೋಹ ಹೆಚ್ಚು ನಿಧಾನ, ಕೆಟ್ಟದಾಗಿ ಹರಿಸುವುದು ಕಡಿಮೆ ನಿಧಾನ. ಹಾಗಾಗಿ ಅಂಚಿನಿಂದ ಜಿಗಿದಾಗ ಒಂದೊಂದು ಲೋಹದ ನಾಣ್ಯ ಒಂದೊಂದು ದೂರಕ್ಕೆ ಬೀಳುತ್ತದೆ. ಅಸಲಿ ಬೀಳುವ ಜಾಗದಲ್ಲಿ ಒಂದು ಬಾಯಿ ಇಟ್ಟರಾಯಿತು. ಕರೆಂಟೇ ಇಲ್ಲದೆ ಲೋಹದ ಒಳಗುಣವನ್ನು ಅಳೆದ ಈ ಉಪಾಯ ನನಗೆ ಇಂದಿಗೂ ಬೆರಗು.

ಅಮೆರಿಕ ಸರಕಾರ 1965ರಲ್ಲಿ ನಾಣ್ಯಗಳಿಂದ ಬೆಳ್ಳಿ ತೆಗೆಯಬೇಕಾಗಿ ಬಂದಾಗ ಈ ಯಂತ್ರಗಳನ್ನು ಮರೆಯಲಿಲ್ಲ. ಬರಿಯ ತಾಮ್ರ-ನಿಕ್ಕಲಿನ ಮಿಶ್ರಲೋಹವನ್ನು ಅವು ಬೆಳ್ಳಿ ಎಂದು ಒಪ್ಪುತ್ತಿರಲಿಲ್ಲ. ಆದ್ದರಿಂದ ನಡುವೆ ಶುದ್ಧ ತಾಮ್ರ, ಎರಡೂ ಬದಿಗೆ ತಾಮ್ರ-ನಿಕ್ಕಲ್ ಹೊದಿಸಿದ ಮೂರು ಪದರದ ನಾಣ್ಯ ಮಾಡಿದರು. ಅದರ ವಿದ್ಯುತ್ ಗುಣ ಬೆಳ್ಳಿಯದಕ್ಕೆ ಹತ್ತಿರವಿತ್ತು. ಬೀದಿಬೀದಿಯ ಯಂತ್ರಗಳು ಹಳೆಯದನ್ನೂ ಹೊಸದನ್ನೂ ಒಂದೇ ಸಮ ನುಂಗಿದವು. ಟಂಕಸಾಲೆಯವರು ಯಂತ್ರದ ಕಣ್ಣಿನಿಂದ ನಾಣ್ಯವನ್ನು ನೋಡಿದ್ದರು.

ಆ ಕಣ್ಣು ಈಗ ಎಲೆಕ್ಟ್ರಾನಿಕ್ ಆಗಿದೆ. ನಾಣ್ಯ ಜಾರುವ ಓಣಿಯ ಇಕ್ಕೆಲಗಳಲ್ಲಿ ತಂತಿಯ ಸುರುಳಿಗಳು. ಅವುಗಳಲ್ಲಿ ಸೆಕೆಂಡಿಗೆ ಸಾವಿರಾರು ಸಲ ದಿಕ್ಕು ಬದಲಿಸುವ ವಿದ್ಯುತ್. ನಾಣ್ಯ ನಡುವೆ ಹಾದಾಗ ಅದರೊಳಗೆ ಅದೇ ಸುಳಿ ವಿದ್ಯುತ್ ಹುಟ್ಟಿ ಸುರುಳಿಯ ಸಂಕೇತ ಕುಗ್ಗುತ್ತದೆ. ಎಷ್ಟು ಕುಗ್ಗಿತು, ಎಷ್ಟು ಹೊತ್ತು ಕುಗ್ಗಿತು ಎಂಬುದರಲ್ಲಿ ಲೋಹ, ದಪ್ಪ, ಅಗಲ ಮೂರರ ಸುಳಿವೂ ಇದೆ. ಮೇಲ್ದರ್ಜೆಯ ಯಂತ್ರಗಳು ಬೇರೆ ಬೇರೆ ಆವರ್ತನಗಳಲ್ಲಿ ನೋಡುತ್ತವೆ. ಆವರ್ತನ ಹೆಚ್ಚಿದ್ದರೆ ಮೇಲ್ಮೈಯ ಲೋಹ ಮಾತ್ರ ಕಾಣುತ್ತದೆ, ಕಡಿಮೆ ಇದ್ದರೆ ಒಳತಿರುಳೂ ಕಾಣುತ್ತದೆ. ಹೊರಗೆ ಲೇಪ ಹಚ್ಚಿ ಒಳಗೆ ಅಗ್ಗದ ಲೋಹ ತುಂಬಿದ ನಕಲಿ ಇಲ್ಲಿ ಸಿಕ್ಕಿಬೀಳುತ್ತದೆ. ವ್ಯಾಸ ಅಳೆಯಲು ಬೆಳಕಿನ ಕಿರಣಗಳನ್ನು, ಬಿದ್ದ ಪೆಟ್ಟಿನ ಕಂಪನ ಅಳೆಯಲು ಸೂಕ್ಷ್ಮ ಹರಳನ್ನು ಇಡುವುದೂ ಉಂಟು.

ನಮ್ಮಲ್ಲಿ ಹೆಚ್ಚಾಗಿ ಕಾಣಸಿಗುವುದು ಇದರ ಅಗ್ಗದ ತಮ್ಮ. ಅದರೊಳಗೆ ಮಾದರಿಯಾಗಿ ಒಂದು ನಿಜವಾದ ನಾಣ್ಯವನ್ನೇ ಸಿಕ್ಕಿಸಿರುತ್ತಾರೆ. ಮಾದರಿಯ ಎದುರಿನ ಸುರುಳಿಯ ಸಂಕೇತವೂ ಹೊಸದಾಗಿ ಬಿದ್ದ ನಾಣ್ಯದ ಎದುರಿನ ಸುರುಳಿಯ ಸಂಕೇತವೂ ಸರಿಸಮ ತೂಗಿದರೆ ಬಾಗಿಲು ತೆರೆಯುತ್ತದೆ. ಎಷ್ಟರಮಟ್ಟಿನ ವ್ಯತ್ಯಾಸವನ್ನು ಸಹಿಸಬೇಕು ಎಂಬುದಕ್ಕೆ ಒಂದು ಪುಟ್ಟ ತಿರುಪು. ಐದರ ನಾಣ್ಯ ಸಿಕ್ಕಿಸಿದರೆ ಅದು ಐದರ ಯಂತ್ರ, ಎರಡರದ್ದನ್ನು ಸಿಕ್ಕಿಸಿದರೆ ಎರಡರದ್ದು. ಅಗ್ಗವಾಗಿ, ಹಳ್ಳಿಯ ಎಲೆಕ್ಟ್ರಿಷಿಯನ್ ಕೂಡ ಸರಿಪಡಿಸಬಲ್ಲ ಹಾಗೆ ಮಾಡಿದ ಈ ಸಾಧನವನ್ನು ನಾನು ಹೀಗಳೆಯಲಾರೆ. ತೊಂದರೆ ಇರುವುದು ಅದರ ಮುಂದೆ ನಾವು ತಂದು ಹಾಕುವ ನಾಣ್ಯಗಳಲ್ಲಿ.

ಕಿಸೆಯಲ್ಲಿರುವ ಚಿಲ್ಲರೆಯನ್ನು ಮೇಜಿನ ಮೇಲೆ ಹರಡಿ ನೋಡಿ. 1992ರಲ್ಲಿ ಬಂದ ಸ್ಟೇನ್‌ಲೆಸ್ ಸ್ಟೀಲಿನ ಒಂದು ರೂಪಾಯಿಗೆ 25 ಮಿ.ಮೀ. ವ್ಯಾಸ, 4.85 ಗ್ರಾಂ ತೂಕ. ₹ ಚಿಹ್ನೆ ಹೊತ್ತು 2011ರಲ್ಲಿ ಬಂದ ಎರಡು ರೂಪಾಯಿಗೂ 25 ಮಿ.ಮೀ., 4.85 ಗ್ರಾಂ, ಅದೇ ಸ್ಟೀಲು. ಸುರುಳಿಯ ಕಣ್ಣಿಗೆ ಇವೆರಡೂ ಅವಳಿಗಳು. ಒಂದರ ಬೆಲೆ ಇನ್ನೊಂದರ ಇಮ್ಮಡಿ ಎಂದು ಅದಕ್ಕೆ ಹೇಳುವವರು ಯಾರು? ಅಸಲಿ ನಾಣ್ಯವೇ ಇಲ್ಲಿ ಇನ್ನೊಂದು ಅಸಲಿ ನಾಣ್ಯದ ವೇಷ ಹಾಕಿದೆ. ಎರಡು ರೂಪಾಯಿಯನ್ನೇ ಹಿಡಿದು ನೋಡಿದರೆ, ಹಳೆಯ ಹನ್ನೊಂದು ಮೂಲೆಯದ್ದು 26 ಮಿ.ಮೀ., ಕೈಬೆರಳಿನ ಮುದ್ರೆಯ ಚಿತ್ರವಿದ್ದ 2007ರದ್ದು 27, 2011ರದ್ದು 25, 2019ರದ್ದು 23. ಐದು ರೂಪಾಯಿ ಮೊದಲು ತಾಮ್ರ-ನಿಕ್ಕಲಿನ ದಪ್ಪ ನಾಣ್ಯವಾಗಿ 9 ಗ್ರಾಂ ತೂಗುತ್ತಿತ್ತು. ಆಮೇಲೆ 6 ಗ್ರಾಮಿನ ಸ್ಟೀಲು, ಅದೇ ತೂಕದ ಹಿತ್ತಾಳೆ ಬಣ್ಣದ್ದು, 2019ರಲ್ಲಿ 25 ಮಿ.ಮೀ.ಗೆ ಹಿಗ್ಗಿ 6.74 ಗ್ರಾಂ. ಈ ಎಲ್ಲವೂ ಚಲಾವಣೆಗೆ ಅರ್ಹ. ಎಲ್ಲವೂ ಒಂದೇ ಕಂಡಕ್ಟರಿನ ಚೀಲದಲ್ಲಿವೆ.

2019ರ ಸರಣಿಯ ಬಗ್ಗೆ ಒಳ್ಳೆಯ ಮಾತು ಹೇಳಲೇಬೇಕು. ಆ ವರ್ಷದ ಮಾರ್ಚ್ 7ರಂದು ಬಿಡುಗಡೆಯಾದ ಈ ನಾಣ್ಯಗಳನ್ನು ದೃಷ್ಟಿದೋಷವುಳ್ಳವರ ಕೈಗೆ ಸುಲಭವಾಗಿ ತಿಳಿಯಲೆಂದು ರೂಪಿಸಿದರು. ಬೆಲೆ ಹೆಚ್ಚಿದಂತೆ ತೂಕವೂ ಏರುತ್ತದೆ. ಅಗಲ ಒಂದು ರೂಪಾಯಿಗೆ 20 ಮಿ.ಮೀ., ಎರಡಕ್ಕೆ 23, ಐದಕ್ಕೆ 25, ಹತ್ತಕ್ಕೆ 27. ಇಪ್ಪತ್ತರದ್ದು ಅಷ್ಟೇ ಅಗಲವಿದ್ದರೂ ಹನ್ನೆರಡು ಮೂಲೆಗಳದ್ದು. ಬೆರಳಿಗೆ ಸ್ಪಷ್ಟವಾದದ್ದು ಯಂತ್ರಕ್ಕೂ ಸ್ಪಷ್ಟ. ಆದರೆ ಹೊಸ ಸರಣಿ ಬಂತೆಂದು ಹಳೆಯವು ಹಿಂದೆ ಸರಿಯಲಿಲ್ಲ.

ಇನ್ನೊಂದು ವಿಷಯ ಸ್ಟೀಲಿನದು. 1988ರಲ್ಲಿ ಹತ್ತು, ಇಪ್ಪತ್ತೈದು, ಐವತ್ತು ಪೈಸೆಗಳಿಂದ ಆರಂಭಿಸಿ ನಮ್ಮ ಹಲವು ಚಿಲ್ಲರೆ ನಾಣ್ಯಗಳು ಒಂದೊಂದಾಗಿ ಕಾಂತಕ್ಕೆ ಅಂಟುವ ಸ್ಟೇನ್‌ಲೆಸ್ ಸ್ಟೀಲಿಗೆ ಬದಲಾದವು. ಅಗ್ಗ, ತುಕ್ಕು ಹಿಡಿಯದು, ಸವೆಯುವುದು ನಿಧಾನ. ವರ್ಷಕ್ಕೆ ಮೂರೂವರೆ ಸಾವಿರ ಮಿಲಿಮೀಟರಿಗೂ ಹೆಚ್ಚು ಮಳೆ ಸುರಿಯುವ ಈ ಕರಾವಳಿಯಲ್ಲಿ ಅದೊಂದು ಉಪಕಾರವೇ. ಅದರ ಜೊತೆಗೆ ಒಂದು ನಷ್ಟವೂ ಬಂತು. ಬೇರೆ ದೇಶಗಳ ಯಂತ್ರಗಳಲ್ಲಿ ಕಬ್ಬಿಣದ ವಾಷರನ್ನು ಹಿಡಿಯುತ್ತಿದ್ದ ಅತಿ ಸರಳ, ಅತಿ ಅಗ್ಗದ ಬಲೆ ಕಾಂತ. ಅಸಲಿ ನಾಣ್ಯವೇ ಕಾಂತಕ್ಕೆ ಅಂಟುವ ದೇಶದಲ್ಲಿ ಆ ಬಲೆಗೆ ಕೆಲಸವಿಲ್ಲ. ಸ್ಟೀಲಿನ ರೂಪಾಯಿಗೂ ಕಬ್ಬಿಣದ ಬಿಲ್ಲೆಗೂ ನಡುವಿನ ಸಣ್ಣ ವ್ಯತ್ಯಾಸವನ್ನು ಸುರುಳಿಯೇ ಸೂಕ್ಷ್ಮವಾಗಿ ಹೆಕ್ಕಬೇಕು.

ಅಲ್ಲಿಗೆ ಮತ್ತೆ ಆ ತಿರುಪಿನ ಬಳಿಗೆ ಬಂದೆವು. ಒಂದೇ ವರ್ಷ, ಒಂದೇ ಟಂಕಸಾಲೆಯ ನಾಣ್ಯಗಳೂ ಕೂದಲೆಳೆಯಷ್ಟು ಬೇರೆ ಇರುತ್ತವೆ. ಹತ್ತು ವರ್ಷ ಕೈಯಿಂದ ಕೈಗೆ ಓಡಾಡಿದ್ದು ಸವೆದಿರುತ್ತದೆ, ಮೀನು ಮಾರುಕಟ್ಟೆಯಿಂದ ಬಂದದ್ದು ಒದ್ದೆಯಾಗಿ ಓಣಿಯಲ್ಲಿ ತಡೆಯುತ್ತದೆ, ಬಿಸಿಲಿಗೆ ಸುರುಳಿಯ ಗುಣವೂ ಸ್ವಲ್ಪ ಜರುಗುತ್ತದೆ. ತಿರುಪು ಸಡಿಲಿಸಿದರೆ ವಾಷರು ನುಸುಳುತ್ತದೆ, ಬಿಗಿ ಮಾಡಿದರೆ ಸವೆದ ಅಸಲಿ ಹೊರಬೀಳುತ್ತದೆ. ಜರಡಿಯ ಕಣ್ಣು ಕಿರಿದಾದರೆ ಕಲ್ಲಿನ ಜೊತೆ ಕಾಳೂ ಮೇಲೆಯೇ ಉಳಿಯುವ ಹಾಗೆ.

ಎಷ್ಟು ಕಾಳು ಉಳಿದೀತು ಎಂಬುದನ್ನು ಲೆಕ್ಕ ಹಾಕಿ ನೋಡಬಹುದು. ಒಂದು ಯಂತ್ರಕ್ಕೆ ಸಾವಿರ ನಾಣ್ಯ ಬಿದ್ದವು, ಅವುಗಳಲ್ಲಿ ಎರಡು ನಕಲಿ ಎಂದಿಟ್ಟುಕೊಳ್ಳೋಣ. ಯಂತ್ರ ಎರಡನ್ನೂ ಬಿಡದೆ ಹಿಡಿಯಿತು. ಅಸಲಿಯ ವಿಷಯದಲ್ಲಿ ನೂರಕ್ಕೆ ಎರಡು ಸಲ ಮಾತ್ರ ಎಡವಿತು. ಕೇಳಲು ಒಳ್ಳೆಯ ಯಂತ್ರವೇ. ಆದರೆ ಉಳಿದ 998ರಲ್ಲಿ ನೂರಕ್ಕೆ ಎರಡೆಂದರೆ ಇಪ್ಪತ್ತು. ಹೊರಗೆ ಉಗುಳಿದ ಇಪ್ಪತ್ತೆರಡು ನಾಣ್ಯಗಳಲ್ಲಿ ಇಪ್ಪತ್ತು ಅಸಲಿ. ಯಂತ್ರ ವಾಪಸು ಕೊಟ್ಟ ನಾಣ್ಯವನ್ನು ಕೈಯಲ್ಲಿ ಹಿಡಿದು ನಿಂತವರು ಮೋಸಗಾರರಾಗಿರುವ ಸಾಧ್ಯತೆ ಹನ್ನೊಂದರಲ್ಲಿ ಒಂದು. ಹಿಂದೆ ಸಾಲಿನಲ್ಲಿ ನಿಂತವರಿಗೆ ಹಾಗನ್ನಿಸುವುದಿಲ್ಲ ಎಂಬುದೇ ಸಂಕಟ.

ಈ ಲೆಕ್ಕ ನಮ್ಮ ರಾಜ್ಯದಲ್ಲಿ ಬರಿಯ ಲೆಕ್ಕವಾಗಿ ಉಳಿದಿಲ್ಲ. ಎಚ್.ಕೆ. ಪಾಟೀಲರು ಗ್ರಾಮೀಣಾಭಿವೃದ್ಧಿ ಸಚಿವರಾಗಿದ್ದ 2013-18ರ ಅವಧಿಯಲ್ಲಿ ಫ್ಲೋರೈಡು ತುಂಬಿದ ನೀರಿನ ಜಿಲ್ಲೆಗಳಿಗೆ ಮೊದಲು, ಆಮೇಲೆ ಊರೂರಿಗೆ ಶುದ್ಧ ಕುಡಿಯುವ ನೀರಿನ ಘಟಕಗಳು ಬಂದವು. ಎರಡು ರೂಪಾಯಿಗೋ ಐದು ರೂಪಾಯಿಗೋ 20 ಲೀಟರ್. ಬಾಗಿಲಲ್ಲಿ ಕುಳಿತು ದುಡ್ಡು ಎಣಿಸುವವರ ಬದಲು ಒಂದು ಕಾಯಿನ್ ಬಾಕ್ಸ್. ಕೋಲಾರದಿಂದ ಕೊಪ್ಪಳದವರೆಗೆ ಹೆಣ್ಣುಮಕ್ಕಳ ದಿನಚರಿಯಲ್ಲಿ ಈ ಡಬ್ಬಿಗೆ ಒಂದು ಜಾಗವಿದೆ. ಯಾವ ಘಟಕ ಯಾವ ನಾಣ್ಯವನ್ನು ಒಪ್ಪುತ್ತದೆ ಎಂಬುದು ಬಳಸುವವರಿಗೆ ಬಾಯಿಪಾಠ. ದಪ್ಪ ಐದೋ ತೆಳ್ಳನೆಯದೋ, ಹಳೇ ಎರಡೋ ಹೊಸದೋ ಎಂದು ವಿಂಗಡಿಸಿ, ‘ಅಕ್ಕಾ, ನಿಮ್ಮ ಹತ್ರ ಆ ಕಾಯಿನ್ ಇದೆಯಾ’ ಎಂದು ಪಕ್ಕದ ಮನೆಯಲ್ಲಿ ಬದಲಿಸಿಕೊಂಡು ಹೊರಡಬೇಕು. ಇಲ್ಲಿ ನಕಲಿ ನಾಣ್ಯವೊಂದು ನುಸುಳಿದರೆ ಆಗುವ ನಷ್ಟ 20 ಲೀಟರ್ ನೀರು, ಐದು ರೂಪಾಯಿ. ಅಸಲಿಯೊಂದು ತಿರಸ್ಕಾರಗೊಂಡರೆ ಒಂದು ಮನೆಗೆ ಆ ಹೊತ್ತಿನ ಕುಡಿಯುವ ನೀರಿಲ್ಲ. ಎರಡನ್ನೂ ತಕ್ಕಡಿಯಲ್ಲಿಟ್ಟರೆ ತಿರುಪು ಯಾವ ಕಡೆಗೆ ತಿರುಗಬೇಕೆಂದು ನನಗೆ ಅನುಮಾನವಿಲ್ಲ. ನೀರಿನ ಯಂತ್ರ ಸಡಿಲವಾಗಿರಲಿ, ತಿಂಗಳ ಕೊನೆಗೆ ನಾಲ್ಕು ವಾಷರು ಹೆಚ್ಚು ಸಿಗಲಿ. ಪಂಚಾಯಿತಿ ಅದನ್ನು ಭರಿಸಬಲ್ಲದು.

ಚಿಲ್ಲರೆಯನ್ನು ಹಗುರವಾಗಿ ಕಾಣದ ಜಿಲ್ಲೆಯಲ್ಲಿ ಕುಳಿತು ಇದನ್ನು ಬರೆಯುತ್ತಿದ್ದೇನೆ. ಅಮ್ಮೆಂಬಳ ಸುಬ್ಬರಾವ್ ಪೈಗಳು 1906ರಲ್ಲಿ ಮಂಗಳೂರಿನಲ್ಲಿ ಕಟ್ಟಿದ ನಿಧಿಯೇ ಕೆನರಾ ಬ್ಯಾಂಕ್ ಆಯಿತು. 1924ರಲ್ಲಿ ಇದೇ ಊರಿನಲ್ಲಿ ಕರ್ಣಾಟಕ ಬ್ಯಾಂಕ್ ಹುಟ್ಟಿತು. ಮುಂದೆ ಸಿಂಡಿಕೇಟ್ ಬ್ಯಾಂಕ್ ಎನಿಸಿದ ಸಂಸ್ಥೆ 1928ರಲ್ಲಿ ಪಿಗ್ಮಿ ಠೇವಣಿ ಆರಂಭಿಸಿ ಮನೆಬಾಗಿಲಿಗೆ ಹೋಗಿ ದಿನಕ್ಕೆ ಎರಡಾಣೆಯಂತೆ ಕೂಡಿಸಿತು. ಆ ಎರಡಾಣೆಯನ್ನು ಹಿಡಿದ ಕೈಯ ಮೇಲೆ ನಂಬಿಕೆ ಇಟ್ಟು ಬೆಳೆದ ಬ್ಯಾಂಕುಗಳು ಇವು.

ನಂಬಿಕೆ ತಪ್ಪಿದಾಗ ಮನುಷ್ಯರೂ ಬಿಗಿ ತಿರುಪಿನ ಯಂತ್ರಗಳಾಗುತ್ತಾರೆ. ಹತ್ತು ರೂಪಾಯಿಯ ನಾಣ್ಯಕ್ಕೆ ಆದದ್ದು ಅದೇ. ಹತ್ತು ಗೆರೆ ಇದ್ದರೆ ಅಸಲಿ, ಹದಿನೈದು ಗೆರೆ ಇದ್ದರೆ ನಕಲಿ, ₹ ಚಿಹ್ನೆ ಇಲ್ಲದ್ದು ನಡೆಯದು ಎಂಬ ವದಂತಿ ಮೊಬೈಲಿನಿಂದ ಮೊಬೈಲಿಗೆ ಹಬ್ಬಿತು. ರಾಜ್ಯದ ಎಷ್ಟೋ ಊರುಗಳಲ್ಲಿ ಅಂಗಡಿ, ಆಟೋ, ಬಸ್ಸುಗಳಲ್ಲಿ ಅದನ್ನು ಮುಟ್ಟುವವರಿಲ್ಲದಾಯಿತು. ರಿಸರ್ವ್ ಬ್ಯಾಂಕ್ 2016ರ ನವೆಂಬರಿನಲ್ಲಿ ಒಮ್ಮೆ, 2018ರ ಜನವರಿ 17ರಂದು ಇನ್ನೊಮ್ಮೆ ಸ್ಪಷ್ಟನೆ ಕೊಟ್ಟಿತು. ಅಲ್ಲಿಯವರೆಗೆ ಹೊರಬಂದಿದ್ದ ಹದಿನಾಲ್ಕು ವಿನ್ಯಾಸಗಳೂ ಕಾನೂನುಬದ್ಧ ಎಂದಿತು, ವಿವರ ಕೇಳಲು 14440 ಎಂಬ ಸಂಖ್ಯೆ ಕೊಟ್ಟಿತು. ಸಂತೆಯಲ್ಲಿ ಸೊಪ್ಪು ಮಾರಿದ ದುಡ್ಡನ್ನು ಹತ್ತರ ನಾಣ್ಯಗಳಲ್ಲಿ ಪಡೆದು ಬಸ್ಸು ಹತ್ತಿದವರು ಅಷ್ಟರೊಳಗೆ ಎಷ್ಟು ಸಲ ಇಳಿಸಿಕೊಂಡಿದ್ದರೋ.

ವದಂತಿಗೆ ಆಧಾರವೇ ಇರಲಿಲ್ಲ ಎನ್ನುವಂತಿಲ್ಲ. 2016ರ ಅಕ್ಟೋಬರಿನಲ್ಲಿ ದೆಹಲಿಯ ಬವಾನಾದಲ್ಲಿ ಐದು, ಹತ್ತು ರೂಪಾಯಿಯ ಖೋಟಾ ನಾಣ್ಯ ತಯಾರಿಸುತ್ತಿದ್ದ ಕಾರ್ಖಾನೆಯೊಂದನ್ನು ಪೊಲೀಸರು ಪತ್ತೆಹಚ್ಚಿದರು. ನಾಣ್ಯ ನಕಲು ಮಾಡುವುದಕ್ಕೆ ಭಾರತೀಯ ನ್ಯಾಯ ಸಂಹಿತೆಯ 178ನೇ ಕಲಂ ಜೀವಾವಧಿಯವರೆಗೆ ಶಿಕ್ಷೆ ಹೇಳುತ್ತದೆ. ಬ್ರಿಟನ್ನಿನಲ್ಲಿ ಒಂದು ಹಂತದಲ್ಲಿ ಮೂವತ್ತು ಪೌಂಡ್ ನಾಣ್ಯಗಳಲ್ಲಿ ಒಂದು ನಕಲಿ ಎಂಬ ಅಂದಾಜಿತ್ತು. ಜಪಾನಿನ ಕಥೆ ಇನ್ನೂ ವಿಚಿತ್ರ. ಅಲ್ಲಿನ 500 ಯೆನ್ ಮತ್ತು ದಕ್ಷಿಣ ಕೊರಿಯಾದ 500 ವಾನ್ ಎರಡೂ 1982ರಲ್ಲಿ ಬಂದವು, ಎರಡಕ್ಕೂ 26.5 ಮಿ.ಮೀ. ವ್ಯಾಸ, ಎರಡೂ ತಾಮ್ರ-ನಿಕ್ಕಲ್, ವಾನ್ ಮಾತ್ರ ಅರ್ಧ ಗ್ರಾಂ ಹೆಚ್ಚು ಭಾರ. ಬೆಲೆಯಲ್ಲಿ ಯೆನ್‌ನ ಸುಮಾರು ಹತ್ತನೇ ಒಂದು ಪಾಲು. ವಾನ್‌ಗೆ ಅಲ್ಲಲ್ಲಿ ಕುಳಿ ಕೊರೆದು ಅರ್ಧ ಗ್ರಾಂ ಇಳಿಸಿ ಯಂತ್ರಕ್ಕೆ ಹಾಕುವುದು, ವಾಪಸು ಕೊಡುವ ಗುಂಡಿ ಒತ್ತುವುದು. ಯಂತ್ರ ಒಳಗಿದ್ದ ಅಸಲಿ 500 ಯೆನ್ ಒಂದನ್ನು ಮರಳಿಸುತ್ತಿತ್ತು. ಕೊನೆಗೆ 2000ನೇ ಇಸವಿಯಲ್ಲಿ ಜಪಾನ್ ನಾಣ್ಯದ ಲೋಹವನ್ನೇ ಬದಲಿಸಿತು. ಯಂತ್ರವನ್ನು ಎಷ್ಟು ಬಿಗಿ ಮಾಡಿದರೂ ತೀರದ ಕೆಲಸವನ್ನು ಟಂಕಸಾಲೆ ತೀರಿಸಿತು.

ನಮ್ಮಲ್ಲಿ ಈಗ ಚಹಾದ ಗಾಡಿಯಲ್ಲೂ ಕ್ಯುಆರ್ ಕೋಡ್ ಇದೆ, ನಾಣ್ಯದ ಯಂತ್ರಕ್ಕೆ ಇನ್ನೆಷ್ಟು ದಿನ ಎಂದು ಕೇಳುವವರಿದ್ದಾರೆ. ರಿಸರ್ವ್ ಬ್ಯಾಂಕ್ ಬೇರೊಂದು ದಾರಿ ಹಿಡಿಯಿತು. 2023ರ ಫೆಬ್ರುವರಿ 8ರಂದು ಅದು ಹನ್ನೆರಡು ನಗರಗಳಲ್ಲಿ ನಾಣ್ಯವನ್ನೇ ಮಾರುವ ಯಂತ್ರಗಳ ಪ್ರಯೋಗ ಘೋಷಿಸಿತು. ಕೋಡ್ ಸ್ಕ್ಯಾನ್ ಮಾಡಿದರೆ ಖಾತೆಯಿಂದ ದುಡ್ಡು ಕಡಿತವಾಗಿ ಚಿಲ್ಲರೆ ಉದುರುತ್ತದೆ. ಹಿಂದೆ ನೋಟು ಪಡೆದು ನಾಣ್ಯ ಕೊಡುತ್ತಿದ್ದ ಯಂತ್ರಗಳಿಗೆ ಖೋಟಾ ನೋಟು ತುರುಕಿದ್ದು ಕಂಡುಬಂದದ್ದೂ ಈ ಬದಲಾವಣೆಗೆ ಕಾರಣ. ಅಂದರೆ ಚಿಲ್ಲರೆಯನ್ನೇ ನಂಬಿದವರು ಇನ್ನೂ ಇದ್ದಾರೆ ಎಂದು ರಿಸರ್ವ್ ಬ್ಯಾಂಕಿಗೂ ಗೊತ್ತು.

ಹಾಗಿದ್ದ ಮೇಲೆ ಆಗಬೇಕಾದ ಕೆಲಸಗಳು ಕಷ್ಟದವೇನಲ್ಲ. ಪ್ರತಿ ನೀರಿನ ಘಟಕದ ಕಾಯಿನ್ ಬಾಕ್ಸಿನ ಮೇಲೆ ಅದು ಒಪ್ಪುವ ನಾಣ್ಯದ ಚಿತ್ರವನ್ನು ನಿಜವಾದ ಗಾತ್ರದಲ್ಲಿ ಅಚ್ಚು ಹಾಕಿಸಬೇಕು, ಓದು ಬಾರದವರೂ ತಮ್ಮ ನಾಣ್ಯವನ್ನು ಅದರ ಮೇಲಿಟ್ಟು ನೋಡುವಂತೆ. ಹೊಸ ಸರಣಿಯ ನಾಣ್ಯಗಳನ್ನೂ ಒಪ್ಪುವಂತೆ ಹಳೆಯ ಪೆಟ್ಟಿಗೆಗಳನ್ನು ಬದಲಿಸಬೇಕು. ಹಲವು ಬಗೆಯ ನಾಣ್ಯಗಳನ್ನು ಕಲಿಸಬಹುದಾದ ಸಾಧನಗಳು ಮಾರುಕಟ್ಟೆಯಲ್ಲಿವೆ. ಎಷ್ಟು ನಾಣ್ಯ ವಾಪಸಾದವು ಎಂಬ ಎಣಿಕೆಯೂ ಯಂತ್ರದಲ್ಲಿ ದಾಖಲಾಗಬೇಕು, ನುಂಗಿದ ನಾಣ್ಯಗಳ ಎಣಿಕೆಯ ಪಕ್ಕದಲ್ಲಿಯೇ. ಮುಂಬಯಿ, ಕೋಲ್ಕತ್ತಾ, ಹೈದರಾಬಾದ್, ನೋಯ್ಡಾದ ನಾಲ್ಕು ಟಂಕಸಾಲೆಗಳಿಂದ ಮುಂದಿನ ಸರಣಿ ಹೊರಬರುವ ಮೊದಲು ಯಂತ್ರ ತಯಾರಕರ ಕೈಗೆ ಮಾದರಿ ನಾಣ್ಯಗಳು ತಲುಪಬೇಕು. ಬ್ರಿಟನ್ನಿನ ರಾಯಲ್ ಮಿಂಟ್ ಹಾಗೆ ಮಾಡಿತ್ತು. ಹನ್ನೆರಡು ಮೂಲೆಯ ಹೊಸ ಪೌಂಡ್ 2017ರ ಮಾರ್ಚ್ 28ರಂದು ಚಲಾವಣೆಗೆ ಬರುವ ಮೊದಲೇ, ವ್ಯಾಪಾರಕ್ಕೆ ಸಲ್ಲದ ಪ್ರಯೋಗದ ನಾಣ್ಯಗಳನ್ನು ಅಚ್ಚು ಹಾಕಿ ಯಂತ್ರದವರಿಗೆ ಪರೀಕ್ಷೆಗೆ ಕೊಟ್ಟಿತ್ತು. ಹಳೆಯ ಪೌಂಡನ್ನು ಅದೇ ವರ್ಷದ ಅಕ್ಟೋಬರ್ 15ಕ್ಕೆ ಹಿಂತೆಗೆಯಿತು. ಎರಡೂ ಬಗೆಯವು ಜೊತೆಯಾಗಿ ನಡೆದ ಅವಧಿ ಏಳು ತಿಂಗಳೂ ಇಲ್ಲ.